ಡಾಕ್ಟರಮ್ಮ ಹೇಳಿದ್ದು ಇಷ್ಟೇನಾ

ಹಲೋ... ಯಾರು ಮಾತಾಡ್ತಿರೋದು? ಭಾವ, ನೀವಾ? ನಾನು, ನೆರ್ಮಿನಾ. ಜರ್ಮನಿಯಿಂದ...

ಹಾಂ, ಚೆನ್ನಾಗಿದ್ದೀನಿ. ಹಾಜ್ರಕ್ಕ ಇದ್ದಾಳಾ?... ಮಾಡಿ, ಮಾಡಿ, ತಮಾಷೆ ಮಾಡಿ. ನನ್ನ ಜರ್ಮನ್ ಕೇಳಿ ಇಲ್ಲಿಯವರು ನಗೋದು ಸಾಲದು ಅಂತ ನೀವು ಬೇರೆ. ಅಕ್ಕಂಗೆ ಕೊಡಿ ಭಾವ, ಸ್ವಲ್ಪ ಬೇಗ...

ಅಕ್ಕಾ... ಕೇಳಿಸ್ತಿದೆಯಾ? ಅಡುಗೆಮನೆ ಕಿಟಕಿಗೆ ಅಂಟಿಕೊಂಡು ನಿಂತಿದ್ದೀನಿ. ಈ ಮನೇಲಿ ಸಿಗ್ನಲ್ ಸಿಗೋದು ಇದೊಂದೇ ಕಡೆ. ಸ್ವಲ್ಪ ಆಚೆ ಹೋದ್ರೆ ಫೋನ್ ಕಟ್ಟು...

ಊರಾ? ಊರು ಚೆನ್ನಾಗೇ ಇದೆ. ಅಕ್ಕಪಕ್ಕದವರೂ ಒಳ್ಳೆಯವರೇ. ಮೇಲಿನ ಮನೆಯಾಕೇನ ಕಾಫಿಗೆ ಬನ್ನಿ ಅಂತ ಕರೆದೆ, ಯಾವ ತಾರೀಖಿಗೆ ಅಂತ ಕೇಳಿದಳು. ನಮ್ಮೂರು ತುಜ್ಲಾದಲ್ಲಿ ಯಾರಾದ್ರೂ ಹಾಗೆ ಕೇಳ್ತಾರಾ...

ಹೋಗ್ತಿದ್ದೀನಿ ಅಕ್ಕ, ಸಂಜೆ ಕ್ಲಾಸಿಗೆ ದಿನಾ ಹೋಗ್ತಿದ್ದೀನಿ. ಚಿಕ್ಕಂದಿನಲ್ಲಿ, ಯುದ್ಧದಲ್ಲಿ ಓಡಿ ಬಂದು ನಾವೆಲ್ಲ ಇಲ್ಲಿದ್ದಾಗ ಎಷ್ಟು ಪಟಪಟ ಅಂತ ಮಾತಾಡ್ತಿದ್ದೆ, ಅಲ್ವಾ? ಯುದ್ಧ ಮುಗಿದು ನಮ್ಮನ್ನ ಊರಿಗೆ ವಾಪಸ್ ಕಳಿಸಿದ ಮೇಲೆ ಎಲ್ಲ ಅಳಿಸಿಹೋಯ್ತು. ಈಗ ನೆನಪಾಗೋದೂ ಆಗಿನ ಮಾತುಗಳೇ. ಉಯ್ಯಾಲೆ, ಹಿಮ, ನನ್ನ ಗೊಂಬೆ ಕೊಡು. ಮೊನ್ನೆ ಬ್ರೆಡ್ ಅಂಗಡಿ ಸಾಲಲ್ಲಿ, ಈಗ ನನ್ನ ಸರದಿ, ನಂದು, ನಂದು ಅಂದುಬಿಟ್ಟೆ. ಪಕ್ಕದಲ್ಲಿದ್ದ ಮುದುಕಿ ನನ್ನ ಕೆನ್ನೆ ಸವರೋದೊಂದು ಬಾಕಿ...

ಇಲ್ಲ, ಅಳ್ತಿಲ್ಲ. ನೆಗಡಿ...

ಲಾಮಿಯಾನಾ? ಮಗಳು ಸ್ನಾನದ ಮನೇಲಿದ್ದಾಳೆ. ಕೈ ತೊಳ್ಕೊಂಡು ಬರ್ತೀನಿ ಅಂತ ಹೋದಳು. ಅವಳಿಗೇನು, ಹನ್ನೊಂದು ವರ್ಷ, ಬಂದು ವರ್ಷ ತುಂಬೋದ್ರೊಳಗೆ ಇಲ್ಲೇ ಹುಟ್ಟಿದವಳ ಹಾಗೆ ಮಾತಾಡ್ತಾಳೆ. ಥೇಟ್ ಆಗಿನ ನಿನ್ನ ಹಾಗೆ...

ಅಕ್ಕಾ, ಇವತ್ತು ಆಸ್ಪತ್ರೆಗೆ ಹೋಗಿದ್ದೆ...

ನನಗೇ. ಎದೇಲೊಂದು ಗಂಟು. ಪರೀಕ್ಷೆಗೆ ಅಂತ ಮೊದಲೇ ಒಂದು ಚೂರು ತೆಗೆದಿದ್ರು, ಇವತ್ತು ಏನು ಅಂತ ಹೇಳೋ ದಿನ... ಇವರಿಗೆ ಹೇಳಿಲ್ಲ. ಲಾರಿ ತಗೊಂಡು ಪೋಲೆಂಡ್ ಕಡೆ ಹೋಗಿದ್ದಾರೆ, ಹೇಳಿ ಏನು ಮಾಡ್ಲಿ...

ಜೊತೆಗಾ? ಜೊತೆಗೆ ಲಾಮಿಯಾ ಬಂದಿದ್ಲು. ದುಭಾಷಿ ಬೇಕಾದ್ರೆ ಇನ್ನೂ ಕಾಯಬೇಕು ಅಂದ್ರು, ನನಗೆ ತಡೆಯೋಕಾಗ್ಲಿಲ್ಲ... ಗೊತ್ತು ಅಕ್ಕ, ಗೊತ್ತು. ಡಾಕ್ಟರಮ್ಮನೂ ಕೇಳಿದ್ರು, ದೊಡ್ಡವರು ಯಾರೂ ಇಲ್ವಾ ಅಂತ. ಅಷ್ಟು ಅರ್ಥ ಆಯ್ತು. ನಾನೇ ಜಂಬದಿಂದ, ಇವಳಿಗೆ ಎಲ್ಲಾ ಬರುತ್ತೆ ಅಂದೆ. ಎಂಥ ಹೆಡ್ಡಿ ನೋಡು ನಾನು...

ಏನೂ ಇಲ್ವಂತೆ. ಲಾಮಿಯಾ ಹಾಗಂದಳು. ಏನೂ ಇಲ್ಲಮ್ಮ, ಬರೀ ಗಂಟು ಅಂತ...

ಹಾಂ, ಸಂತೋಷ ಪಡಬೇಕು, ಅಲ್ವಾ? ಆದ್ರೆ ಡಾಕ್ಟರಮ್ಮ ಎಷ್ಟೊಂದು ಹೊತ್ತು ಮಾತಾಡಿದ್ರು ಗೊತ್ತಾ? ಕುರ್ಚಿ ಹತ್ತಿರ ಎಳ್ಕೊಂಡು, ನನ್ನ ಕೈ ಹಿಡ್ಕೊಂಡು, ನಿಧಾನವಾಗಿ. ಅಷ್ಟೆಲ್ಲ ಹೇಳಿದ್ದು ಇಷ್ಟೇನಾ ಅಂತ ಇವಳನ್ನ ಕೇಳಿದೆ. ಹೂಂ ಅಂದಳು, ತನ್ನ ಶೂ ನೋಡ್ಕೊಂಡು. ಬುಧವಾರ ಮತ್ತೆ ಬರಬೇಕಂತೆ, ಅವತ್ತು ದುಭಾಷಿನ ಕರೆಸೇ ಕರೆಸ್ತಾರಂತೆ. ಏನೂ ಇಲ್ಲದಿದ್ರೆ ಯಾಕೆ ಕರೆಸ್ತಾರೆ ಅಕ್ಕ...

ನಾನೇ ಕೇಳಬಹುದಿತ್ತಾ? ಯಾವ ಮಾತಲ್ಲಿ ಕೇಳ್ಲಿ? ನನ್ನ ಹತ್ರ ಇರೋದು ಉಯ್ಯಾಲೆ, ಗೊಂಬೆ. ಈಗ ನನ್ನ ಸರದಿನಾ ಅಂತ ಕೇಳಬೇಕಿತ್ತಾ...

ಅಕ್ಕಾ, ಅವತ್ತು ಇಲ್ಲೇ ಅಪ್ಪನ ಕಾಯಿಲೆ ವಿಷಯ ಡಾಕ್ಟರು ಹೇಳಿದಾಗ ಅಮ್ಮನಿಗೆ ತಿಳಿಸಿದ್ದು ನೀನೇ ತಾನೇ? ನಿನಗೂ ಹನ್ನೊಂದೋ ಹನ್ನೆರಡೋ. ಅವರು ಅಷ್ಟುದ್ದ ಹೇಳಿದ್ರು, ನೀನು ಏನೂ ಇಲ್ಲಮ್ಮ, ನಿಶ್ಶಕ್ತಿ ಅಷ್ಟೇ ಅಂದೆ. ಅಮ್ಮ ಖುಷಿಯಲ್ಲಿ ದಾರೀಲಿ ನಮಗೆಲ್ಲ ಐಸ್‌ಕ್ರೀಂ ಕೊಡಿಸಿದ್ಲು. ಅಪ್ಪ ಆ ಚಳಿಗಾಲ ದಾಟಲಿಲ್ಲ...

ಬೈತಿಲ್ಲ ಕಣೇ. ಆಗ ನೀನೇ ಮಗು, ನಿನ್ನ ಯಾರು ಬೈತಾರೆ... ನಾನು ಕೇಳೋದು ಇಷ್ಟೇ. ಹಾಗೆ ಹೇಳಿ ಮನೆಗೆ ಬಂದ ಮೇಲೆ ನೀನು ಏನು ಮಾಡಿದೆ?... ಹೇಳಕ್ಕ...

ಹಾಂ... ಸ್ನಾನದ ಮನೆ ಚಿಲಕ ಹಾಕ್ಕೊಂಡು... ನಲ್ಲಿ ಯಾಕೆ ಬಿಟ್ಟೆ?... ಅಳೋದು ಅಮ್ಮನಿಗೆ ಕೇಳಿಸಬಾರದು ಅಂತ...

ಇದ್ದೀನಿ. ಇದ್ದೀನಿ ಅಕ್ಕ...

ನಾನು ನಿನಗೆ ಫೋನ್ ಮಾಡಿದಾಗಿಂದ ಇಲ್ಲಿ ನಲ್ಲಿ ಹರೀತಾನೇ ಇದೆ...

ಲಾಮಿಯಾ... ಪುಟ್ಟಾ, ನಲ್ಲಿ ನಿಲ್ಲಿಸಮ್ಮ... ಅಕ್ಕಾ, ನಾನು ಆ ಕಡೆ ಹೋಗ್ತೀನಿ, ಸಿಗ್ನಲ್ ಹೋಗುತ್ತೆ, ಹೋಗ್ಲಿ... ಪುಟ್ಟಾ, ಅಮ್ಮಂಗೆ ಗೊತ್ತಾಯ್ತು ಕಣೇ. ಬಾಗಿಲು ತೆ...