ನಿಮ್ಮಜ್ಜನ ಕೈ ಲಾಡಿಯಿಂದ ಹೋಗಲಿಲ್ಲ

…ಹಂಗಂತ ನಿಮ್ಮಪ್ಪನೂ ಹೇಳ್ತಾನ, ಓಣಿ ಮಂದಿನೂ ಹೇಳ್ತಾರ, ಕೊಳ್ಳಾಗಿನ ಲಾಡಿ ಮಷಿನ್‌ನ್ಯಾಗ ಸಿಕ್ಕು ನಿಮ್ಮಜ್ಜನ ಕೈ ಹೋತು ಅಂತ. ಎಲ್ಲಾರಿಗೂ ಹಂಗ ಹೇಳಿಕೊಟ್ಟಾಕಿ ನಾನ. ನಿನಗೂ ನಾನ ಹೇಳೀನಿ, ನೀ ಸಣ್ಣಾಕಿ ಇದ್ದಾಗ. ತಪ್ಪು ಹೇಳೀನಿ ಸುಮಾ. ಮೂವತ್ತಾರು ವರ್ಷ ಸಾಲ್ಯಾಗ ಹುಡುಗರ ತಪ್ಪು ತಿದ್ದಿದಾಕಿ, ನನ್ನ ಮನಿ ತಪ್ಪು ತಿದ್ದಾಕ ಹದಿನಾಲ್ಕು ವರ್ಷ ಹಿಡೀತು. ನೀ ಸೋಮವಾರ ಕೆಲಸಕ್ಕ ಹೋಗಾಕಿ, ಅದೂ ಲೇತ್ ಮಷಿನ್ ಮುಂದ ನಿಂದ್ರಾಕಿ. ಹೋಗೋಕಿಂತ ಮೊದಲ ಇದು ನಿನಗ ಗೊತ್ತಿರಬೇಕು. ಕುಂದ್ರು ಇಲ್ಲೆ, ಕಟ್ಟಿ ಮ್ಯಾಲ. ಮೊಬೈಲ್ ಆಮ್ಯಾಲ ನೋಡೀಯಂತ.

ನಿನಗ ಆಗ ಐದು ವರ್ಷ. ಜ್ವರ ಬಂದಿತ್ತು, ಹನ್ನೆರಡು ದಿನ ಇಳೀಲಿಲ್ಲ. ಅಲ್ಲ, ಹನ್ನೊಂದು ದಿನ, ಹನ್ನೆರಡನೇ ದಿನ ಬೆಳಿಗ್ಗೆ ಇಳೀತು. ಮಾನ್ವಿ ದವಾಖಾನಿಯಿಂದ ರಾಯಚೂರಿಗಿ ಕರಕೊಂಡು ಹೋದ್ವಿ. ನೀ ಕಣ್ಣ ತೆರೀವಲ್ಲಿ. ಆಗ ನಾ ಬೇಡ್ಕೊಂಡೆ, ಯಪ್ಪಾ ಪೀರಾ, ಕೂಸು ಎದ್ದು ಕುಂತರ ಈ ಮೊಹರಮ್‌ದಾಗ ನಮ್ಮ ಮನಿಯವ್ರನ್ನ ಫಕೀರ ಮಾಡ್ತೀನಿ ಅಂತ. ನಮ್ಮ ದೇವದುರ್ಗದ ತವರ ಮನ್ಯಾಗ ಇದು ಮೊದಲಿಂದ ನಡಕೊಂಡು ಬಂದದ್ದು. ನಾವು ಲಿಂಗ ಕಟ್ಟಿಗೊಂಡಾವ್ರು ಖರೆ, ಆದ್ರ ಮೊಹರಮ್‌ದ ಅಲಾಯಿ ದೇವರು ಅಂದ್ರ ನಮ್ಮವ್ವ ಮುಲ್ಲಾನ ಕಡಿಂದ ಸಕ್ಕರಿ ಓದಿಸಲಾರದ ಇರತಿದ್ದಿಲ್ಲ. ಫಕೀರ ಆಗೋದು ಅಂದ್ರ ಕೊಳ್ಳಾಗ ಕೆಂಪು ದಾರದ ಲಾಡಿ ಹಾಕ್ಕೊಂಡು, ಹತ್ತನೇ ದಿನ ದೇವರು ಹೊಳಿಗಿ ಹೋಗೋತನಕ ಅದನ್ನ ತೆಗೀಬಾರದು. ನೀ ಎದ್ದು ಕುಂತಿ, ತಿನ್ನಾಕ ಮಂಡಾಳ ಬೇಕು ಅಂದಿ. ನಾ ಲಾಡಿ ತಂದೆ. ಅದರ ತುದಿ ಬಿಚ್ಚಿಕೊಂಡಿತ್ತು, ಅದಕ್ಕ ಸಾಲ್ಯಾಗ ಪಟ್ಟಿ ಹೊಲಿಯೋ ಬಿಳಿ ದಾರ ತಗೊಂಡು ಮೂರು ಹೊಲಿಗಿ ಹಾಕಿ, ನನ್ನ ಕೈಲೆ ಅವರ ಕೊಳ್ಳಾಗ ಹಾಕಿದೆ. ನಕ್ಕರು. “ಏನ ಟೀಚರ್, ಫಕೀರಗೂ ಹಾಜರಿ ಹಾಕ್ತಿ ಏನು?” ಅಂದ್ರು. ಅವ್ರು ನನಗ ಟೀಚರ್ ಅಂತಾನ ಕರಿತಿದ್ರು, ಚೇಷ್ಟಾಕ್ಕ.

ಈಗ ವರ್ಕ್‌ಶಾಪ್ ವಿಷಯ ಹೇಳ್ತೀನಿ. ಶರಣಪ್ಪಜ್ಜ ಅಂದ್ರ ನನ್ನ ತಮ್ಮ, ನಿನಗ ಗೊತ್ತದ. ಹತ್ತನೇತ್ತೆ ಎರಡು ಸಲ ಫೇಲಾಗಿ ನಮ್ಮ ಮನಿಗಿ ಬಂದಾವ. ನಾ ರೊಟ್ಟಿ ಮಾಡಿ ಹಾಕಿದೆ, ನಿಮ್ಮಜ್ಜ ಕೆಲಸ ಕಲಿಸಿದ್ರು. ಕಬ್ಬಿಣ ಹೆಂಗ ಹಿಡಿಬೇಕು, ಚಕ್ ಹೆಂಗ ಬಿಗಿಬೇಕು, ಚಕ್ ಅಂದ್ರ ಕಬ್ಬಿಣ ಕಚ್ಚಿ ಹಿಡಕೊಂಡು ತಿರುಗೋ ಬಾಯಿ, ಹೌದಲ್ಲ, ನೀ ಓದೀದಿ, ನಿನಗ ಯಾಕ ಹೇಳಬೇಕು. ಆಮ್ಯಾಲ ಅಂವ ರಾಯಚೂರಾಗ ತನ್ನದ ಶೆಡ್ ಹಾಕಿದ. ನಿಮ್ಮಜ್ಜ ತಮ್ಮ ಹಳೇ ಕೆಲಸ ಬಿಟ್ಟು ಅವನ ಕೂಡ ಸೇರಿದ್ರು. ಭಾವ ಮೈದುನ ಅಂದ್ರ ಹಂಗಿದ್ರು ಅವ್ರು, ಒಂದ ಗಂಗಾಳದಾಗ ಉಣ್ಣಾವ್ರು. ನನಗ ಅದ ಖುಷಿ ಇತ್ತು.

ಆ ಸುಗ್ಗಿಯಾಗ, ಲಾಡಿ ಇನ್ನಾ ಅವರ ಕೊಳ್ಳಾಗ ಇದ್ದಾಗನ, ಸಿರವಾರ ಕಡಿ ಒಂದು ರೈಸ್ ಮಿಲ್ಲಿಂದು ಉದ್ದನ್ನ ಶಾಫ್ಟ್, ಅಂದ್ರ ತಿರುಗೋ ಕಬ್ಬಿಣದ ದಂಡ, ಮುರೀತು. ನೆಲ್ಲಿನ ಲಾರಿ ಸಾಲಾಗಿ ನಿಂತಿದ್ವಂತ, ಮಿಲ್ ಬಂದ್. ಹೊಸದು ಲಗೂ ಮಾಡಿಕೊಡ್ರಿ ಅಂತ ಮಾಲಕ ಶರಣಪ್ಪಗ ದಿನಕ್ಕ ಹತ್ತು ಸಲ ಫೋನ್. ನಾ ಮಾನ್ವಿ ಸಾಲ್ಯಾಗ ನಾಲ್ಕನೇತ್ತೆಯವರಿಗಿ ಭಾಗಾಕಾರ ಹೇಳಾಕತ್ತಿದ್ದೆ, ಮಧ್ಯಾಹ್ನ ಊಟದ ಗಂಟಿ ಇನ್ನಾ ಹೊಡದಿದ್ದಿಲ್ಲ, ಹೆಡ್‌ಮಾಸ್ತರು ಬಾಗಿಲದಾಗ ಬಂದು ನಿಂತು, “ಟೀಚರ್, ಚೀಲ ತಗೋರಿ” ಅಂದ್ರು. ಅಷ್ಟ ಅಂದ್ರು. ಬಸ್ಸಿನ್ಯಾಗ ರಾಯಚೂರತನ ಏನು ನೋಡ್ಕೋತ ಹೋದೆ ಅಂಬೋದು ನನಗ ನೆನಪಿಲ್ಲ. ದವಾಖಾನಿಯಾಗ ಶರಣಪ್ಪ ಹೊರಗ ನಿಂತಿದ್ದ, ಅಂಗಿ ಮ್ಯಾಲ ರಕ್ತ. ಬಂದು ನನ್ನ ಕಾಲ ಹಿಡಕೊಂಡ.

“ಅಕ್ಕಾ, ಲಾಡಿ ಸಿಗ್ತಕ್ಕಾ. ಬಗ್ಗಿದ್ರು, ಲಾಡಿ ಜೋತು ಬಿತ್ತು, ಚಕ್ ಎಳಕೊಳ್ತು. ಬಿಡಿಸಿಕೊಳ್ಳಾಕ ಹೋಗಿ ಕೈ ಹೋತು.”

“ಲಾಡಿ ಎಲ್ಲದ?” ಅಂದೆ ನಾ. ಯಾಕ ಅದನ್ನ ಕೇಳಿದೆ ಅಂತ ಗೊತ್ತಿಲ್ಲ. ಮೊದಲ ಅದನ್ನ ಕೇಳಿದೆ.

“ಮಷಿನ್ ತಿಂತಕ್ಕಾ. ಚೂರು ಚೂರಾತು.”

ಬಲಗೈ ಮಣಿಕಟ್ಟಿನತನ ತೆಗದ್ರು. ಎಚ್ಚರಾದ ಮ್ಯಾಲ ನಾ ಒಳಗ ಹೋಗಿ, ರೀ, ನಾ ಹಾಕಿದ ಲಾಡಿಯಿಂದನ ಆತೇನ್ರೀ, ಅಂದೆ. ಅವ್ರು ನನ್ನ ಮಾರಿ ನೋಡಲಿಲ್ಲ. ಗ್ವಾಡಿ ಕಡಿ ತಿರುಗಿ ತಲಿ ಅಲ್ಲಾಡಿಸಿದ್ರು, ಹೌದು ಅನ್ನೋಹಂಗ. ಏನಾತು ಅಂತ ಕೇಳಾಕ ಫ್ಯಾಕ್ಟರಿ ತಪಾಸಣಿ ಸಾಹೇಬರು ಬಂದ್ರು, ಅವರಿಗೂ ಅದನ್ನ ಹೇಳಿದ್ರು. ದೇವರ ವಿಷಯ ನೋಡವ್ವ, ಸಾಹೇಬರೂ ಕೈ ಮುಗದು, ಬರಕೊಂಡು ಹೋದ್ರು.

ನಮ್ಮತ್ತಿ ಇದ್ಲಲ್ಲ, ನಿಮ್ಮ ಮುತ್ತಜ್ಜಿ, ಆಕಿ ನನ್ನ ಸುಮ್ಮನ ಬಿಡ್ತಾಳ ಏನು. “ಏನ್ ಕಲ್ತಾಕಿಬೇ ನೀನು? ಗರಗರ ತಿರುಗೋ ಮಷಿನ್ ಮುಂದ ನಿಂದ್ರಾವನ ಕೊಳ್ಳಾಗ ಹಗ್ಗ ಹಾಕಿ ಕಳಿಸ್ದಿ. ಹುಡುಗರಿಗಿ ಇದನ್ನ ಕಲಿಸ್ತಿ ಏನು?” ಅಂತಿದ್ಲು. ಬಂದಾವ್ರ ಮುಂದ ಅಂತಿದ್ಲು. ನಿಮ್ಮಜ್ಜ ಅಲ್ಲೆ ಹೊರಸಿನ ಮ್ಯಾಲ ಕುಂತಿರ್ತಿದ್ರು, ಎಲ್ಲಾ ಕೇಳತಿತ್ತು ಅವರಿಗಿ. ಒಂದಿನರೆ “ಯವ್ವಾ, ಸುಮ್ಮನಿರು” ಅಂದಾವ್ರಲ್ಲ. ನಾ ಅನ್ಕೊಂಡೆ, ಕೈ ಹೋದ ಸಿಟ್ಟದ, ಇರಲಿ, ನ್ಯಾಯ ಅದ ಅಂತ. ಮೊಹರಮ್ ಬಂತಂದ್ರ ಆಕಿ ಹತ್ತು ದಿನ ನನ್ನ ಕೈಯಾಗಿನ ನೀರು ಮುಟ್ಟತಿದ್ದಿಲ್ಲ. ನಾನೂ ಆ ಹತ್ತು ದಿನ ಬಾಗಿಲ ಹಾಕ್ಕೊಂಡು ಕುಂದ್ರತಿದ್ದೆ, ಹಲಗಿ ಸಪ್ಪಳ ಕೇಳಬಾರದು ಅಂತ. ಆಕಿ ಹಂಗ ನಂಬಕೊಂಡ ಸತ್ತಳು.

ಎಡಗೈಲೆ ಬರಿಯಾಕ ನಾ ಕಲಿಸಿದೆ ಅವರಿಗಿ. ಒಂದನೇತ್ತೆ ಹುಡುಗರಿಗಿ ಕಲಿಸ್ತಾರಲ್ಲ, ಕಾಪಿ ಪುಸ್ತಕ ತಂದು, ಮೊದಲ ಗೆರಿ, ಆಮ್ಯಾಲ ಸೊನ್ನಿ, ಆಮ್ಯಾಲ ಅ ಆ. ಅವ್ರು ಹಲ್ಲ ಕಚ್ಚಿ ಬರಿತಿದ್ರು. ಒಂದು ವರ್ಷದಾಗ ಅಕ್ಷರ ಚಂದ ಆದ್ವು. ಶರಣಪ್ಪ ಅವರನ್ನ ವರ್ಕ್‌ಶಾಪಿಗಿ ಕರಿಸಿಕೊಂಡ, ಕೆಲಸ ನೋಡ್ಕೋತ ಕುಂದ್ರು ಭಾವ ಅಂತ. ಹೋದ ವರ್ಷದತನ ಹೋದ್ರು. ಹನ್ನೆರಡು ವರ್ಷ ಆ ಎಡಗೈ ಬರದದ್ದು ಸುಮಾ, ಯಾವ ಶಾಫ್ಟ್ ಎಷ್ಟು ದಪ್ಪ, ಯಾರದು ಯಾವಾಗ ಕೊಡಬೇಕು, ಎಲ್ಲಾ ಬರದದ. ನನಗ ಒಂದು ಸಾಲು ಬರೀಬಹುದಿತ್ತು. ಬಾಯಿಲೆ ಹೇಳಾಕ ಆಗಲಿಲ್ಲ ಅಂದ್ರ ಬರೀಬಹುದಿತ್ತು.

ಹೋದ ವರ್ಷ ಅವ್ರು ಹೋದ್ರು. ಎದಿ ನೋವು ಅಂದ್ರು, ಎರಡು ತಾಸು, ಆತು. ನೀನೂ ಇದ್ದಿಯಲ್ಲ. ಶರಣಪ್ಪ ಅತ್ತಷ್ಟು ನಾನೂ ಅಳಲಿಲ್ಲ. ಆಮ್ಯಾಲ ಅಂವ ಹಳೇ ಲೇತ್ ತೆಗದು ಹೊಸದು ತರಸೋಮುಂದ, ಮೂಲ್ಯಾಗ ಇದ್ದ ನಿಮ್ಮಜ್ಜನ ಹತ್ಯಾರದ ಪೆಟಿಗಿ ಮನಿಗಿ ಕಳಿಸಿದ. ಕೀಲಿ ಹಾಕಿತ್ತು. ಕೀಲಿಕೈ ಅವರ ಗೊಂಚಲದಾಗ ನನ್ನ ಹತ್ರಾನ ಇತ್ತು. ತೆರದು ನೋಡ್ತೀನಿ, ಮ್ಯಾಲ ಅಳತಿ ಪಟ್ಟಿ, ಹಳೇ ಚಾಳೀಸು, ಎಣ್ಣಿ ವರಸೋ ಅರಬಿ. ತಳದಾಗ ಒಂದು ಕಾಗದದ ಪೊಟ್ಟಣ. ಬಿಚ್ಚಿದ್ರ ಲಾಡಿ. ಕೆಂಪು ಲಾಡಿ, ಒಂದು ಎಳಿ ಸೈತ ಹರದಿದ್ದಿಲ್ಲ. ಅವ್ರು ಬ್ಯಾರೆ ವರ್ಷದ್ದು ಇಟ್ಟಿರಬೇಕು ಅನ್ಕೊಂಡೆ ಮೊದಲ. ಆದ್ರ ಬ್ಯಾರೆ ವರ್ಷ ಅವ್ರು ಫಕೀರ ಆಗಲೇ ಇಲ್ಲ. ತುದಿ ನೋಡಿದೆ. ಬಿಳಿ ದಾರ, ಮೂರು ಹೊಲಿಗಿ.

ಮರುದಿನ ಐತವಾರ. ಮುಂಜಾನಿ ಬಸ್ಸಿಗಿ ರಾಯಚೂರಿಗಿ ಹೋದೆ. ಶರಣಪ್ಪ ವರ್ಕ್‌ಶಾಪಿನ್ಯಾಗ ಒಬ್ಬನ ಇದ್ದ, ಚಾ ಕುಡಿಯಾಕತ್ತಿದ್ದ. “ಬಾ ಅಕ್ಕಾ, ಫೋನ್ ಮಾಡಿದ್ರ ನಾನ ಬರ್ತಿದ್ದೆಲ್ಲ” ಅಂದ. ನಾ ಲಾಡಿ ತಗದು ಟೇಬಲ್ ಮ್ಯಾಲ ಇಟ್ಟೆ. ಅಂವ ಚಾ ಕಪ್ಪು ಕೆಳಗ ಇಟ್ಟ.

“ಮಷಿನ್ ತಿಂತು ಅಂದಿದ್ದಿ” ಅಂದೆ.

ಲಾಡಿ ತುದಿ ಹೊಳ್ಳಿಸಿ ನೋಡಿದ. ಆಮ್ಯಾಲ ಹೇಳಿದ. ನಿಮ್ಮಜ್ಜ ದಿನಾ ಮಷಿನ್ ಹಚ್ಚೋಕಿಂತ ಮೊದಲ ಲಾಡಿ ತೆಗದು, ಕಣ್ಣಿಗಿ ಒತ್ತಿಕೊಂಡು, ಪೆಟಿಗ್ಯಾಗ ಇಡ್ತಿದ್ರಂತ. ಸಂಜಿಕ ಹಾಕ್ಕೊಂಡು ಮನಿಗಿ ಬರೋದು. ಹರಕಿ ಲಾಡಿ ತೆಗೀಬಾರದು ಅಂತೀನಲ್ಲ ನಾನು, ಅದಕ್ಕ ನನಗ ಹೇಳಿರಲಿಲ್ಲ. ಒಳ್ಳೆ ಕೆಲಸನ ಮಾಡ್ತಿದ್ರು ನೋಡು! ಅವತ್ತೂ ತೆಗದಿಟ್ಟಿದ್ರು.

“ಮತ್ತ ಕೈ ಹೆಂಗ ಹೋತು?”

“ಪಾಲಿಶ್ ಹೊಡಿಯಾಕತ್ತಿದ್ದ ಭಾವ. ಶಾಫ್ಟ್ ಬಿಸಿ ಇತ್ತು, ಆರಾಕ ಟೈಮ್ ಇದ್ದಿದ್ದಿಲ್ಲ. ಅರಬಿ ಗ್ಲೌಸ್ ಹಾಕ್ಕೊಂಡು, ಉಸುಕಿನ ಕಾಗದ ಕೈಗಿ ಸುತ್ತಿ ಹಿಡದಿದ್ದ. ಶಾಫ್ಟ್ ಗ್ಲೌಸ್ ಎಳಕೊಳ್ತು.”

“ಕಾಲಾಗ ಬ್ರೇಕ್ ಇತ್ತಲ್ಲೊ. ತುಳದ್ರ ನಿಂದ್ರತದ ಅಂತ ಅವ್ರ ಹೇಳ್ತಿದ್ರು ನನಗ.”

“ತುಳದ. ಅದು ಕೆಳಗ ಇಳೀಲಿಲ್ಲಕ್ಕಾ. ಬುಡದಾಗ ಕಟ್ಟಿಗಿ ತುಂಡು ಇತ್ತು.”

ತಿಳೀತೇನು ನಿನಗ? ಲೇತ್ ಉದ್ದಕೂ ಕೆಳಗ ಬ್ರೇಕಿನ ಪಟ್ಟಿ ಇರ್ತದಂತ. ಉದ್ದನ್ನ ಶಾಫ್ಟ್ ಮಾಡೋಮುಂದ ಆ ಕಡಿ ಈ ಕಡಿ ಓಡ್ಯಾಡಬೇಕು, ಆಗ ಕಾಲು ತಾಕಿ ಮಷಿನ್ ನಿಂತ್ರ ಶಾಫ್ಟ್ ಮ್ಯಾಲ ಗೆರಿ ಬೀಳ್ತದ. ಗೆರಿ ಬಿದ್ದ ಮಾಲು ಗಿರಾಕಿ ಒಲ್ಲೆ ಅಂತಾನ. ಅದಕ್ಕ ಇವ್ರು ಪಟ್ಟಿ ಬುಡಕ ಕಟ್ಟಿಗಿ ಇಟ್ಟು, ಅದು ಇಳೀದಂಗ ಮಾಡಿದ್ರು. ಗೆರಿ ಬೀಳಬಾರದು ಅಂತ. ಶರಣಪ್ಪ ಮೇನ್ ಸ್ವಿಚ್ ಕಡಿ ಓಡಿ ಆರಿಸ್ಯಾನ. ನಾ ಅಲ್ಲೆ ಎದ್ದು, ಲೇತ್ ಇದ್ದ ಜಾಗದಿಂದ ಸ್ವಿಚ್‌ತನ ನಡದು ನೋಡಿದೆ. ಹನ್ನೊಂದು ಹೆಜ್ಜಿ.

“ಕಟ್ಟಿಗಿ ಇಟ್ಟಾವ್ರು ಯಾರು?” ಅಂದೆ.

“ಭಾವ ಇಟ್ಟ. ನಾ ನೋಡಿದ್ದೆ. ತೆಗಿ ಅನ್ನಲಿಲ್ಲ. ಇಬ್ಬರಿಗೂ ಗೊತ್ತಿತ್ತು ತಪ್ಪು ಅಂತ. ಸಾಹೇಬ್ರು ಬಂದು ಕಟ್ಟಿಗಿ ನೋಡಿದ್ರ ಶೆಡ್ಡಿಗಿ ಬೀಗ ಬೀಳ್ತಿತ್ತು, ಆರು ಮಂದಿ ಮನಿ ಅದ ಇದರ ಮ್ಯಾಲ. ಲಾಡಿ ಅಂದ್ರ ದೇವರ ವಿಷಯ, ಯಾರೂ ಮುಂದ ಕೇಳಂಗಿಲ್ಲ ಅಂತ ನಾನ ಹೇಳಿದೆ. ಭಾವ ಹೂಂ ಅಂದ. ಇಷ್ಟು ವರ್ಷ ಕೆಲಸ ಮಾಡಿ, ಬ್ರೇಕಿಗಿ ಕಟ್ಟಿಗಿ ಇಟ್ಟು ಕೈ ಕಳಕೊಂಡ ಅನ್ನಿಸಿಕೊಳ್ಳೋದು ಅವಂಗೂ ಬ್ಯಾಡಾಗಿತ್ತು, ಅಂಥಾ ಕೆಲಸಗಾರ. ನಿನ್ನ ಮ್ಯಾಲ ಬರ್ತದ ಅಂತ ನಮಗ ಹೊಳೀಲಿಲ್ಲಕ್ಕಾ, ದೇವರಾಣಿ.”

“ಬಂದ ಮ್ಯಾಲ?” ಅಂದೆ.

ಅಂವ ಎದ್ದು ಚಾ ಕಪ್ಪು ತೊಳಿಯಾಕ ಹೋದ.

“ನಮ್ಮತ್ತಿ ನಿನ್ನ ಮುಂದನ ಅಂತಿದ್ಲಲ್ಲೊ. ಜ್ವಾಳದ ರೊಟ್ಟಿ ಉಣ್ಣಾಕತ್ತಿದ್ದಿ ನೀ, ನಾ ಬಡಿಸಾಕತ್ತಿದ್ದೆ. ಆಗರೆ ಹೊಳಿತಲ್ಲ?”

“ನಾಳಿ ಹೇಳೂಣು, ನಾಳಿ ಹೇಳೂಣು ಅನ್ಕೋತ… ರೂಢಿ ಆಗಿಬಿಡ್ತಕ್ಕಾ.”

ರೂಢಿ ಅಂತ! ನನ್ನ ತಮ್ಮ ಅಂದ ಮಾತಿದು. ನನ್ನ ಕೈಯಾಗ ಉಂಡು ಬೆಳದಾವ. ಬೈಯಲಿಲ್ಲ ನಾ ಅವಂಗ, ಹೊಡಿಯಲೂ ಇಲ್ಲ. ಅವನಾದ್ರ ಎದುರಿಗಿದ್ದ, ಕೇಳಿದೆ. ಇನ್ನೊಬ್ಬರನ್ನ ಎಲ್ಲಿ ಹೋಗಿ ಕೇಳಲಿ ನಾನು? ಅವರ ಫೋಟೋಕ್ಕ ದಿನಾ ಹೂ ಏರಿಸ್ತೀನಿ. ಆ ದಿನ ಬಂದು ಏರಿಸಲಿಲ್ಲ. ಎಂಟು ದಿನ ಏರಿಸಲಿಲ್ಲ, ನೀ ಕೇಳಿದಿ, ಅಜ್ಜಿ ಹೂ ಯಾಕಿಲ್ಲ ಅಂತ, ಸಂತ್ಯಾಗ ಸಿಗಲಿಲ್ಲ ಅಂದೆ. ನಾನೂ ಸುಳ್ಳ ಹೇಳಿದೆ ನೋಡು.

ಇನ್ನೊಂದು ಮಾತು ಉಳೀತು, ಅದನ್ನ ಹೇಳಲಾರದ ಇದು ಪೂರಾ ಆಗಂಗಿಲ್ಲ. ನಿಮ್ಮಜ್ಜಂದು ಆದ ಎರಡು ವರ್ಷಕ್ಕ ಅದ ಲೇತಿನ ಮ್ಯಾಲ, ಅಲ್ಲೆ ಕೆಲಸಕ್ಕಿದ್ದ ರಸೂಲಣ್ಣಂದು ಎರಡು ಬೆರಳು ಹೋದ್ವು. ಯರಗೇರಾದಿಂದ ಬಸ್ಸಿಗಿ ಬರತಿದ್ದ, ಪಾಪ, ಮೂರು ಹೆಣ್ಣ ಮಕ್ಕಳ ತಂದಿ. ಶರಣಪ್ಪನ ಹೇಳಿದ ಅವತ್ತು, ತಲಿ ಎತ್ತಲಾರದ. ನಿಮ್ಮಜ್ಜಂದು ಆದಾಗಿಂದ ಅಲ್ಲಿ ಎಲ್ಲಾರೂ ಹೆದರಿ, ಕೊಳ್ಳಾಗಿನ ದಾರ, ಕೈಯಾಗಿನ ಕಂಕಣ ತೆಗದಿಟ್ಟ ಕೆಲಸಕ್ಕ ನಿಂದ್ರತಿದ್ರಂತ. ರಸೂಲಣ್ಣನೂ ತಾಯತ ಬಿಚ್ಚಿ ಕಿಸೇದಾಗ ಇಟ್ಟುಕೊಂಡಿದ್ದ. ತಾಯತ ತೆಗಿಸಿದ್ರು, ಕಟ್ಟಿಗಿ ತೆಗೀಲಿಲ್ಲ. ಅದು ಬುಡದಾಗ ಹಂಗ ಇತ್ತು. ಇವ್ರು ಅವತ್ತ ಖರೆ ಹೇಳಿದ್ರ ಆ ಮನಷ್ಯಾನ ಬೆರಳು ಉಳಿತಿದ್ವು. ನನ್ನದೇನು, ನಾ ಹೆಂಗರೆ ನುಂಗಿಕೊಂಡೆ. ಆ ಬೆರಳು ಯಾರು ಕೊಡ್ತಾರ? ಮತ್ತ ನಿಮ್ಮಜ್ಜ ಅಲ್ಲೆ ಕುಂತಿದ್ರು ಸುಮಾ, ಅದ ಶೆಡ್ಡಿನ್ಯಾಗ, ಕುರ್ಚಿ ಮ್ಯಾಲ, ನೋಡ್ಕೋತ. ಇದನ್ನ ಮಾತ್ರ ನನಗ ನುಂಗಾಕ ಆಗವಲ್ದು. ಅವ್ರು ಒಳ್ಳೆವ್ರು. ಒಳ್ಳೆವ್ರ ಇದ್ರು. ಮಳೆಗಾಲದಾಗ ಸೈಕಲ್ ಮ್ಯಾಲ ನನ್ನ ಸಾಲಿತನ ಬಿಟ್ಟು ಬರಾವ್ರು. ಅದೂ ಖರೆ, ಇದೂ ಖರೆ.

ಅಳಬ್ಯಾಡ. ನಿನ್ನ ಸಲುವಾಗಿ ಹರಕಿ ಹೊತ್ತದ್ದು, ನಿನ್ನ ಸಲುವಾಗಿ ಅಜ್ಜನ ಕೈ ಹೋತು ಅಂತ ನೀನೂ ಒಳಗ ಇಟ್ಟುಕೊಂಡೀದಿ, ನನಗ ಗೊತ್ತಿಲ್ಲ ಅನ್ಕೊಂಡಿ ಏನು? ಸಣ್ಣಾಕಿ ಇದ್ದಾಗ ಅವರ ಮೊಂಡ ಕೈ ಹಿಡಕೊಂಡ ಮಲಗತಿದ್ದಿ. ಅದನ್ನ ಇವತ್ತ ಇಲ್ಲೆ ಬಿಟ್ಟು ಏಳು. ಸೋಮವಾರ ಹೋದ ಕೂಡ್ಲೆ ಕೂದಲಾ ಗಂಟ ಕಟ್ಟು, ಬಳಿ ತೆಗದಿಡು, ಓಡೋ ಮಷಿನ್ ಹತ್ರ ಗ್ಲೌಸ್ ಹಾಕ್ಕೊಬ್ಯಾಡ, ಇದೆಲ್ಲಾ ನಿಮ್ಮ ಮಾಸ್ತರು ಹೇಳ್ಯಾರ. ನಾ ಹೇಳೋದು ಒಂದ. ಮಷಿನ್ ಚಾಲೂ ಮಾಡೋದು ಯಾರರೆ ತೋರಸ್ತಾರ, ನಿಂದ್ರಸೋದು ನೀನ ಬಗ್ಗಿ, ಕೈಯಿಟ್ಟು, ತುಳದು ನೋಡು. ಬುಡದಾಗ ಏನರೆ ಇತ್ತಂದ್ರ ತೆಗದು ಎಲ್ಲಾರ ಮುಂದ ಇಡು, ಇಟ್ಟಾವ ನಿನ್ನ ಸ್ವಂತ ಅಣ್ಣ ಇರಲಿ. ನಿನ್ನದ ತಪ್ಪಾತಂದ್ರ ಅವತ್ತ ಸಂಜಿಕ ಮನಿಗಿ ಬಂದು ತಪ್ಪಾತು ಅನ್ನು, ಬೈಸ್ಕೊ, ಉಂಡು ಮಲಕೊ. ಏಳಿನ್ನ, ಒಲಿ ಮ್ಯಾಲ ಹಾಲು ಇಟ್ಟು ಬಂದೀನಿ.