ಮೆತ್ತಗಾದ ದನಿ

ದಾಂಡೇಲಿ ಬಸ್ ನಿಲ್ದಾಣದಲ್ಲಿ ಪಕ್ಕದ ಬೆಂಚಿನ ಹೆಂಗಸರ ಮಾತು ಕೇಳಿಸಿಕೊಳ್ಳಬಾರದೆಂದೇ ನಾನು ಪೇಪರ್ ಬಿಡಿಸಿದ್ದೆ. ಕಾಲು ಗಂಟೆ ಕಳೆದರೂ ಪುಟ ತಿರುವಲಿಲ್ಲ.

“ನಿರ್ಮಲಕ್ಕಾ, ಮತ್ತ ತೇರಗಾಂವಕ್ಕ ಹೊಂಟ್ರೇನು? ಮತ್ತ ಜಗಳ?”

“ಇಲ್ಲ ಸಲ್ಮಾ. ಈ ಗಂಡನ ಕೂಡ ಬಾಳೇ ಸಾಕಂತ ಸೀರಿ ಟ್ರಂಕ್ ತವರಿಗೆ ಒಯ್ದಿಟ್ಟಿದ್ನಲ್ಲ, ಅದನ್ನ ವಾಪಸ್ ತರಾಕ ಹೊಂಟೇನಿ.”

“ಹೌದಾ! ನಿಮ್ಮನಿಯವರು ಒದರೂದು ಬಿಟ್ರಾ?”

“ದಿನಾ ಎಂಟು ತಾಸು ಮಿಲ್ಲಿನ ಮಷೀನ್ ಸಪ್ಪಳದಾಗ ಒದರಿ ಒದರಿ, ಮನ್ಯಾಗೂ ಅದ ದನಿ ಆಗಿತ್ತು.”

“ಅವರು ನಿಮಗ ಉಪ್ಪು ತಾ ಅಂದ್ರ ಬಾಜು ಮನಿಯಿಂದ ನಾ ತಂದು ಕೊಡ್ತಿದ್ದೆ.”

“ನಿಮ್ಮವರಿಗೆ ಪುಣ್ಯಾ ಬರ್ಲಿ ವಾ. ಡ್ಯೂಟಿ ಬಿಟ್ಟಕೂಡ್ಲೆ ಇವರನ್ನ ಗಾಡಿ ಮ್ಯಾಲೆ ಕುಂಡ್ರಿಸ್ಕೊಂಡು ಯೋಗಾಕ್ಕ ಒಯ್ದ್ರು.”

“ಮೊದಲನೇ ದಿನ ಶವಾಸನದಾಗ ಮಿಲ್ಲಿನ ಭೋಂಗಾ ಊದಿದ್ದು ಕೇಳಿ, ಪಾಳಿ ಶುರು ಆತಂತ ಇಬ್ಬರೂ ಎದ್ದು ಊಟದ ಡಬ್ಬಿ ಹಿಡಕೊಂಡು ಗೇಟಿಗೆ ಹೋಗಿದ್ರಂತ!”

“ಈಗ ಭೋಂಗಾ ಆದ್ರೂ ಕಣ್ಣು ತಗಿಯೂದಿಲ್ಲಂತ. ಮನಿಗೆ ಬಂದ್ರ ಎಷ್ಟು ಹಗೂರ ಮಾತಾಡ್ತಾರಂದ್ರ, ಬಾಜು ಕುಂತ್ರನ ಕೇಳಸ್ತೈತಿ.”

“ಏನ್ ಮಾತಾಡ್ತಾರ್ರಿ?”

“ನಿನ್ನೆ ‘ನಿಂದು ಊಟಾ ಆತೇನು’ ಅಂತ ಕೇಳಿದ್ರು. ಇಪ್ಪತ್ತು ವರ್ಷದಾಗ ಮೊದಲನೇ ಸಲ.”

“ನೀವೇನಂದ್ರಿ?”

“ಕೇಳಸಲಿಲ್ಲ, ಇನ್ನೊಮ್ಮೆ ಹೇಳ್ರಿ ಅಂದೆ.”

ತೇರಗಾಂವದ ಮೇಲೆ ಹೋಗುವ ಬಸ್ ಬಂತು. ಇಬ್ಬರದೂ ಅದೇ ಬಸ್; ನಗುತ್ತ ಹತ್ತಿದರು. ನಾನು ಜೊಯಿಡಾಕ್ಕೆ ಹೋಗಬೇಕಾದವನು. ಅದನ್ನು ಮರೆತು ನಾನೂ ಎದ್ದು ನಿಂತಿದ್ದೆ.