ಸುಮ್ಮನೆ ಕೂತವನು

ಸಂಜೆ ಹಿಡಿದ ಮಳೆ ಬಿಡುವ ಲಕ್ಷಣವೇ ಕಾಣಲಿಲ್ಲ. ಕರೆಂಟು ಹೋಗಿತ್ತು. ಕೆಳಗಿನ ಸೈಕಲ್ ರಿಪೇರಿ ಅಂಗಡಿಯ ತಗಡಿನ ಮೇಲೆ ನೀರು ಬೀಳುವ ಸದ್ದಿಗೆ ಪಕ್ಕದವರ ಮಾತೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಕಿಟಕಿಯ ಹತ್ತಿರ ಕೂತಿದ್ದ ದೊಡ್ಡಮ್ಮ ನಮ್ಮನ್ನೆಲ್ಲ ಕರೆದಳು. ನಾನು, ನನ್ನ ಹೆಂಡತಿ, ಮಕ್ಕಳಿಬ್ಬರು ಕುರ್ಚಿಗಳನ್ನು ಎಳೆದುಕೊಂಡು ಹೋಗಿ ಅವಳ ಸುತ್ತ ಕೂತೆವು. ಶಾಲೆಯಲ್ಲಿ ಡ್ರಿಲ್ ಟೀಚರಾಗಿದ್ದ ದೊಡ್ಡಮ್ಮನಿಗೆ ಕಾಲಲ್ಲಿ ಚಕ್ರ ಇದೆ ಎಂದು ಮನೆಯವರೆಲ್ಲ ಆಡಿಕೊಳ್ಳುತ್ತಿದ್ದರು. ಏನೋ ಹೇಳಲು ಬಾಯಿ ತೆರೆದಳು, ತಡೆದಳು, ಆಮೇಲೆ ಕತೆ ಶುರುವಾಯಿತು.

"ದೆವ್ವ ಅಂದ್ರೆ ಹೆದರಿಸೋದು ಅಂದ್ಕೊಂಡಿದೀರಲ್ಲ... ನಾನು ಕಂಡದ್ದು ಹೆದರಿಸಲಿಲ್ಲ ಕಣ್ರೋ, ನಾಚಿಕೊಂಡಿತ್ತು. ನಗಬೇಡಿ! ಆಗ ನನಗಿನ್ನೂ ವಯಸ್ಸು, ಮೈಯಲ್ಲಿ ಕಸುವು, ಬಂದರಿನಿಂದ ಲೈಟ್‌ಹೌಸ್‌ವರೆಗೂ ಆ ಬಂಡೆಗಳ ದಂಡೆಯನ್ನ ಒಂದೇ ಹಗಲಲ್ಲಿ ಒಬ್ಬಳೇ ನಡೀತೀನಿ ಅಂತ ಟೀಚರ್ಸ್ ರೂಮಲ್ಲಿ ಜಂಬ ಕೊಚ್ಚಿಕೊಂಡಿದ್ದೆ, ಹೆಡ್‌ಮಾಸ್ಟ್ರು ಬೇರೆ 'ಹೋಗಿ ಬನ್ನಿ, ಹೊತ್ತು ತರೋಕೆ ನಾಲ್ಕು ಜನ ಇಟ್ಟಿರ್ತೀವಿ' ಅಂತ ನಕ್ಕಿದ್ರು. ಇನ್ನು ಹಿಂದೆ ಸರಿಯೋಕಾಗುತ್ತಾ? ಹೊಸ ಬೂಟು ಹಿಮ್ಮಡಿ ಕಚ್ಚಿ ರಕ್ತ ಬರ್ತಿದ್ರೂ ನಡೆದೆ. ಜಟ್ಟಿ ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅನ್ನೋ ವಂಶ ನಮ್ಮದು.

ಮಧ್ಯಾಹ್ನದ ಬಿಸಿಲು. ಕಾಲುದಾರಿಯಿಂದ ಒಂದಾಳುದ್ದ ಕೆಳಗೆ, ಬಂಡೆ ಮೇಲೆ ಒಬ್ಬ ಕೂತಿದ್ದ. ತಲೆಗೆ ಟೋಪಿ, ಪಕ್ಕದಲ್ಲಿ ಊರುಗೋಲು. ಒಂದು ಕಾಲು ಮೊಣಕಾಲಿನ ಕೆಳಗೆ ಅಡ್ಡಕ್ಕೆ ತಿರುಗಿತ್ತು... ನಾನು ನೋಡಿದ್ದನ್ನ ನೋಡಿ ಗಬಕ್ಕನೆ ಟವೆಲ್ ಎಳೆದು ಮುಚ್ಚಿಕೊಂಡ. 'ಏನಾಯ್ತ್ರೀ?' ಅಂದೆ. 'ಏನಿಲ್ಲ, ಸುಮ್ನೆ ಕೂತಿದೀನಿ. ನೀವು ನಡೀರಿ' ಅಂದ. ಮತ್ತೆ ಕೇಳಿದ್ದಕ್ಕೆ ರೇಗಿದ. ಸರಿ, ಬೇಡ ಅಂದವನ ಮೈಮೇಲೆ ಬೀಳೋಕಾಗುತ್ತಾ?

ಗುಡ್ಡ ಹತ್ತಿಳಿದು ಇನ್ನೊಂದು ಮೂಲೆ ತಿರುಗಿದೆ ನೋಡಿ... ಕೆಳಗೆ ಅದೇ ಟೋಪಿ. ದಾರಿ ಇರೋದೇ ಒಂದು, ನನ್ನನ್ನ ದಾಟಿ ಯಾರೂ ಹೋಗಿರಲಿಲ್ಲ, ಕಾಲು ಮುರಿದವನು ನನಗಿಂತ ಮುಂಚೆ ಹೇಗೆ ಬಂದ? ಅಲೆ ಅವನ ಸೊಂಟಕ್ಕೆ ಹೊಡೀತಿತ್ತು, ಟವೆಲ್ ಮಾತ್ರ ಕದಲ್ತಿರಲಿಲ್ಲ. ಮುಖ ಎತ್ತಿದ. ಕ್ಲಾಸಲ್ಲಿ ಚಡ್ಡಿ ಒದ್ದೆ ಮಾಡ್ಕೊಂಡ ಮಗುವಿನ ಮುಖ! 'ಏನಿಲ್ಲ' ಅಂದ.

ಓಡಿದೆ. ಹಾವಸೆಯ ಮೇಲೆ ಜಾರಿ ಎರಡು ಬಂಡೆಗಳ ಸಂದಿಗೆ ಬಿದ್ದೆ, ಪಾದ ಸಿಕ್ಕಿಕೊಳ್ತು, ನೀರು ಏರೋ ಹೊತ್ತು. ಮೊದಲು ಮಂಡಿ, ಆಮೇಲೆ ಎದೆ... ಅಷ್ಟರಲ್ಲಿ ಮೇಲೆ ಚಿಪ್ಪು ಆರಿಸೋ ಹೆಂಗಸೊಬ್ಬಳು ಬುಟ್ಟಿ ಹೊತ್ತು ಬಂದು 'ಅಮ್ಮಾ, ಬಿದ್ರಾ?' ಅಂದ್ಲು. ಎತ್ತು ಅನ್ನೋಕೆ ಬಾಯಿ ತೆಗೆದೆ. ಏನು ಬಂತು ಗೊತ್ತಾ? 'ಏನಿಲ್ಲ, ಸುಮ್ನೆ ಕೂತಿದೀನಿ.' ನನ್ನದೇ ದನಿ! ಪಕ್ಕದಲ್ಲಿ ಟೋಪಿಯವನು ಒತ್ತರಿಸಿಕೊಂಡು ಕೂತಿದ್ದ...

ಪುಣ್ಯಾತ್ಗಿತ್ತಿ ನಂಬಲಿಲ್ಲ. 'ಸುಮ್ನೆ ಕೂರೋ ಜಾಗವೇನ್ರೀ ಇದು?' ಅಂತ ಬುಟ್ಟಿ ಬಿಸಾಕಿ ಇಳಿದು ರಟ್ಟೆ ಹಿಡಿದಳು. ಅವಳ ಕೈ ತಾಗಿದ್ದೇ ತಡ, 'ಸಾಯ್ತಿದೀನಿ, ಎತ್ತಮ್ಮಾ' ಅಂತ ಕಿರುಚಿಕೊಂಡೆ. ಅವಳೇ ಆಮೇಲೆ ಹೇಳಿದ್ದು, ಅವನು ಹೆಸರಾಂತ ನಡಿಗೆಗಾರನಂತೆ. ಬಿದ್ದ ದಿನ ಆ ದಾರೀಲಿ ಎಷ್ಟೋ ಜನ ಹೋದರಂತೆ, ಎಲ್ಲರಿಗೂ ಏನಿಲ್ಲ ಅಂದನಂತೆ, ಕತ್ತಲಾಗೋ ಮುಂಚೆ ಸಮುದ್ರ ಎಳ್ಕೊಂಡು ಹೋಯ್ತಂತೆ. ಈಗ ಯಾರು ಬಿದ್ರೂ ಪಕ್ಕ ಬಂದು ಕೂರ್ತಾನೆ, ಬಾಯಿ ಬಿಡೋಕೆ ಬಿಡಲ್ಲ.

ಉಳ್ಕೊಂಡೆ, ನಿಜ. ಆದ್ರೆ ಜೀವ ಹೋಗ್ತಿರೋವಾಗಲೂ ನನಗೆ ಹೆಡ್‌ಮಾಸ್ಟ್ರು ನಗ್ತಾರೆ ಅನ್ನೋದೇ ದೊಡ್ಡದಾಯ್ತಲ್ಲ... ಒಬ್ಬಳೇ ಇದ್ದಾಗ ನೆನೆಸ್ಕೊಂಡ್ರೆ ಇವತ್ತಿಗೂ ಮುಖ ಮುಚ್ಕೊಳ್ತೀನಿ."

ಮಕ್ಕಳು ಒಬ್ಬರನ್ನೊಬ್ಬರು ಚಿವುಟಿ ಕಿರುಚಿದರು. ಊಟಕ್ಕೆ ಏಳೋಣ ಎಂದೆ. "ನೀವು ನಡೀರಿ, ಹಿಂದೇನೇ ಬಂದೆ," ಎಂದಳು ದೊಡ್ಡಮ್ಮ. ನಾವು ಅಡುಗೆಮನೆಗೆ ಹೋದೆವು. ನಾನು ತಟ್ಟೆಗಳನ್ನು ಹರಡುತ್ತ ನಿಂತೆ. ನನಗೆ ಏನೂ ಹೊಳೆಯಲಿಲ್ಲ. ಅದಕ್ಕಾಗಿ ಈಗಲೂ ನನಗೆ ನಾಚಿಕೆಯಾಗುತ್ತದೆ. ನನ್ನ ಹೆಂಡತಿ ಮಾತ್ರ "'ನೀವು ನಡೀರಿ' ಅಂದ್ರಲ್ಲ!" ಎಂದು ಬಡಿಸುತ್ತಿದ್ದ ಸೌಟನ್ನು ಅಲ್ಲೇ ಬಿಟ್ಟು ಓಡಿದಳು. ಹಿಂದೆಯೇ ಹೋಗಿ ನೋಡಿದರೆ, ನೆಲದ ಮೇಲೆ ಕೂತು ದೊಡ್ಡಮ್ಮನ ಎರಡೂ ಕೈ ಹಿಡಿದುಕೊಂಡಿದ್ದಳು. ದೊಡ್ಡಮ್ಮ ಮುಖ ಎತ್ತದೆ ಅಳುತ್ತಿದ್ದಳು.

"ಕರೆಂಟು ಹೋದಾಗಿಂದ ಎಡಗಾಲಿಗೆ ಜೀವ ಇಲ್ಲ ಕಣಮ್ಮಾ... ಅದನ್ನ ಹೇಳೋಣ ಅಂತಲೇ ನಿಮ್ಮನ್ನೆಲ್ಲ ಕರೆದದ್ದು. ಇಷ್ಟುದ್ದ ಕತೆ ಹೇಳೋಕೆ ಬಿಟ್ಟ ಆ ಟೋಪಿಯವನು, ಆ ಒಂದು ಮಾತಿಗೆ ಬಿಡಲಿಲ್ಲ ನೋಡು."